ಅಜ್ಜನ ಕೋವಿಗೆ ಹೊಸ ನಳಿಗೆ

ಕಳೆದ ಯುಗಾದಿಯ ಕೂಟದಲ್ಲಿ ಒಬ್ಬಟ್ಟಿನ ಊಟ ಮುಗಿದ ಬಳಿಕ, ಕೊಡಗಿನ ಮೂಲದ ಹಿರಿಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಒಂದು ಪ್ರಶ್ನೆ ಕೇಳಿದರು. ವೈದ್ಯರಾದ ನಮಗೆ ಸಮಾರಂಭಗಳ ಇಂಥ ಪಿಸುಮಾತು ಹೊಸತಲ್ಲ. ಮಂಡಿನೋವೋ ಸಕ್ಕರೆ ಕಾಯಿಲೆಯೋ ಇರಬೇಕೆಂದು ಭಾವಿಸಿದೆವು. ಆದರೆ ಅವರು ಕೇಳಿದ್ದು ಬೇರೆ. "ಡಾಕ್ಟ್ರೇ, ನೀವು ಹಳೆಯ ಪುಸ್ತಕ ಓದುವವರು. ಊರಿನಲ್ಲಿ ನಮ್ಮ ಅಜ್ಜನ ಕೋವಿಯ ನಳಿಗೆ ಸವೆದುಹೋಗಿದೆ ಎಂದು ತಮ್ಮ ಫೋನ್ ಮಾಡಿದ್ದ. ಈ ದೇಶದಲ್ಲಿ ನಳಿಗೆಯನ್ನು ಹೇಳಿ ಮಾಡಿಸಬಹುದು. ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದಿಗೆ ಹೋಗುವಾಗ ಒಂದನ್ನು ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಹೋಗೋಣ ಎಂದಿದ್ದೇನೆ. ಆದರೆ ನಳಿಗೆ ಬದಲಾದ ಮೇಲೆ ಅದು ಅಜ್ಜನ ಕೋವಿಯಾಗಿಯೇ ಉಳಿಯುತ್ತದೆಯೇ?"

ಸೂಟ್‌ಕೇಸಿನ ಮಾತಿಗೆ ಅಲ್ಲಿಯೇ ಬೇಡವೆಂದೆವು. ಕಾರಣವನ್ನು ಕೊನೆಯಲ್ಲಿ ಹೇಳುತ್ತೇವೆ. ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ದೊರೆತ ಚರಿತ್ರೆಯ ಒಂದು ಎಳೆ ನಾವು ವಾಸಿಸುವ ಈ ಹೋಬೋಕನ್ ಪಟ್ಟಣದ ಬಾಗಿಲನ್ನೇ ತಟ್ಟಿತು. ಅದನ್ನು ಸದಸ್ಯ ಕುಟುಂಬಗಳೊಂದಿಗೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಮೊದಲು ಸವೆತದ ವಿಚಾರ. ಆ ಹಿರಿಯರ ಅಜ್ಜನದು ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಂಪನಿಯ .315 ಬೋಲ್ಟ್ ಆಕ್ಷನ್ ರೈಫಲ್. ಬಾಗಿಲಿನ ಚಿಲಕದಂತೆ ಬೋಲ್ಟನ್ನು ಎತ್ತಿ ಹಿಂದೆಳೆದು ಮುಂದೆ ತಳ್ಳಿದರೆ ತೋಟಾ ಒಳಸೇರುತ್ತದೆ. ನಳಿಗೆಯ ಒಳಮೈಯಲ್ಲಿ ಸುರುಳಿಯಾಕಾರದ ಗೀರುಗಳಿವೆ. ಗುಂಡು ಈ ಗೀರುಗಳನ್ನು ಕಚ್ಚಿಕೊಂಡು ಬುಗುರಿಯಂತೆ ತಿರುಗುತ್ತ ಹೊರಬರುವುದರಿಂದಲೇ ನೇರವಾಗಿ ಸಾಗುತ್ತದೆ. ತೋಟಾ ಕೂರುವ ಜಾಗದ ಮುಂದಿನ ಭಾಗವನ್ನು ಕಸುಬಿನವರು 'ಗಂಟಲು' ಎಂದೇ ಕರೆಯುತ್ತಾರೆ. ಮದ್ದಿನ ಕಾದ ಅನಿಲ ಮೊದಲು ಸುಡುವುದು ಆ ಗಂಟಲನ್ನು. ಎರಡನೆಯ ಶತ್ರು ಉಪ್ಪು. ಹಳೆಯ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಲವಣ ನಳಿಗೆಯೊಳಗೆ ಉಳಿದು, ಗಾಳಿಯ ತೇವವನ್ನು ಹೀರಿ ತುಕ್ಕು ತರಿಸುತ್ತಿತ್ತು. ಎಣ್ಣೆ ಬಟ್ಟೆಯಿಂದ ಒರೆಸಿದರೆ ಈ ಲವಣ ಹೋಗುವುದಿಲ್ಲ, ನೀರಿನಿಂದಲೇ ತೊಳೆಯಬೇಕು. ಕೊಡಗಿನ ಮಳೆಗಾಲವನ್ನು ಬಲ್ಲವರಿಗೆ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಿಲ್ಲ. ಮೂರನೆಯ ಕಾರಣ ನಮ್ಮ ಶ್ರದ್ಧೆಯೇ: ವರ್ಷಗಟ್ಟಲೆ ಬಾಯಿಯ ಕಡೆಯಿಂದ ಗಜ ತೂರಿಸಿ ಉಜ್ಜಿದರೆ, ಗುಂಡು ಹೊರಬರುವ ಅಂಚು ಸವೆದು ಗುರಿ ಕೆಡುತ್ತದೆ.

ಆದ್ದರಿಂದ ರೈಫಲ್ ಹುಟ್ಟಿದಂದಿನಿಂದಲೂ ನಳಿಗೆ ಸವೆಯುವ ಅಂಗ, ಬದಲಾಯಿಸಬಹುದಾದ ಅಂಗ. ಇದಕ್ಕೆ ಒಂದು ಪ್ರಸಿದ್ಧ ಹೆಸರೇ ಸಾಕ್ಷಿ. 1888ರಲ್ಲಿ ಬ್ರಿಟಿಷ್ ಸೈನ್ಯ ಒಪ್ಪಿಕೊಂಡ ರೈಫಲ್‌ಗೆ ಲೀ–ಮೆಟ್‌ಫೋರ್ಡ್ ಎಂಬ ಹೆಸರಿತ್ತು. ಬೋಲ್ಟಿನ ರಚನೆ ಜೇಮ್ಸ್ ಪ್ಯಾರಿಸ್ ಲೀ ಅವರದು. ನಳಿಗೆಯ ಗೀರುಗಳ ವಿನ್ಯಾಸ ವಿಲಿಯಂ ಮೆಟ್‌ಫೋರ್ಡ್ ಎಂಬ ಇಂಜಿನಿಯರರದು. ಅದು ಕಪ್ಪು ಮದ್ದಿನ ಕಾಲ. ಮೆಟ್‌ಫೋರ್ಡರ ಆಳವಿಲ್ಲದ, ಅಂಚು ದುಂಡಾದ ಗೀರುಗಳಲ್ಲಿ ಮಸಿ ಕಟ್ಟಿಕೊಳ್ಳುತ್ತಿರಲಿಲ್ಲ. ಕೆಲವೇ ವರ್ಷಗಳಲ್ಲಿ ಕಾರ್ಡೈಟ್ ಎಂಬ ಹೊಗೆಯಿಲ್ಲದ ಹೊಸ ಮದ್ದು ಬಂದಿತು. ಅದರ ತಾಪಕ್ಕೆ ಆ ನವಿರಾದ ಗೀರುಗಳು ಬೇಗನೆ ಅಳಿಸಿಹೋದವು. ಎನ್‌ಫೀಲ್ಡಿನ ಸರ್ಕಾರಿ ಕಾರ್ಖಾನೆ ಚೌಕಂಚಿನ ಐದು ಆಳವಾದ ಗೀರುಗಳ ನಳಿಗೆಯನ್ನು ರೂಪಿಸಿತು. 1895ರಲ್ಲಿ ರೈಫಲ್‌ನ ಹೆಸರು ಲೀ–ಎನ್‌ಫೀಲ್ಡ್ ಆಯಿತು. ನಳಿಗೆ ಬದಲಾದಾಗ ಹೆಸರಿನ ಉತ್ತರಾರ್ಧ ಬದಲಾಯಿತು. ಬೋಲ್ಟಿನ ಒಡೆಯ ಲೀ ಮಾತ್ರ ಮೊದಲಿನ ಸ್ಥಾನದಲ್ಲೇ ಉಳಿದರು. ನಮ್ಮ ಹಿರಿಯರ ಅಜ್ಜನ ಬಿ.ಎಸ್.ಎ. ರೈಫಲ್‌ನಲ್ಲಿ ಇರುವುದೂ ಇದೇ ಲೀ ಅವರ ಬೋಲ್ಟಿನ ವಂಶ.

ಈಗ ನಮ್ಮ ಹೋಬೋಕನ್‌ಗೆ ಬರೋಣ. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಫ್ರಾನ್ಸಿಗೆ ಹಡಗೇರಿದ ಮುಖ್ಯ ಬಂದರು ಇದು. ಹಡ್ಸನ್ ದಡದಲ್ಲಿ ನಾವು ಮಕ್ಕಳನ್ನು ಕರೆದುಕೊಂಡು ಅಡ್ಡಾಡುವ ಕಟ್ಟೆಗಳ ಮೇಲೆಯೇ 1917 ಮತ್ತು 1918ರಲ್ಲಿ ಆ ಪಡೆಗಳು ಸಾಲುಗಟ್ಟಿದ್ದವು. ಅಂದು ಅಮೆರಿಕದ ಸೈನ್ಯದಲ್ಲಿದ್ದ ಮುಖ್ಯ ಬೋಲ್ಟ್ ರೈಫಲ್‌ಗಳಲ್ಲಿ 1903ರ ಸ್ಪ್ರಿಂಗ್‌ಫೀಲ್ಡ್ ಒಂದು. ಯುದ್ಧದ ನಂತರ ಸೈನ್ಯದ ಹಳೆಯ ಬೋಲ್ಟ್ ರೈಫಲ್‌ಗಳು ದೊಡ್ಡ ಸಂಖ್ಯೆಯಲ್ಲಿ ನಾಗರಿಕರ ಕೈ ಸೇರಿ ಬೇಟೆಯ ರೈಫಲ್‌ಗಳಾದವು. 1923ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಗ್ರಿಫಿನ್ ಅಂಡ್ ಹೋ ಸಂಸ್ಥೆ ಇಂಥ ರೈಫಲ್‌ಗಳಿಗೆ ಹೊಸ ಮರದ ಹಿಡಿ, ಹೊಸ ರೂಪ ಕೊಟ್ಟು ಹೆಸರಾಯಿತು.

ಆದರೆ ಇದೇ ಸ್ಪ್ರಿಂಗ್‌ಫೀಲ್ಡ್ ಒಂದು ಎಚ್ಚರಿಕೆಯ ಪಾಠವನ್ನೂ ಬಿಟ್ಟುಹೋಗಿದೆ. ನಳಿಗೆಯನ್ನು ತಿರುಪಿ ಕೂರಿಸುವ, ಬೋಲ್ಟನ್ನು ಹಿಡಿದಿಡುವ ಉಕ್ಕಿನ ಮೈಗೆ ರಿಸೀವರ್ ಎಂದು ಹೆಸರು. ಆರಂಭದ ವರ್ಷಗಳಲ್ಲಿ ಕಾರ್ಮಿಕರು ಕಾದ ಉಕ್ಕಿನ ಬಣ್ಣವನ್ನು ಕಣ್ಣಳತೆಯಿಂದಲೇ ನೋಡಿ ತಾಪವನ್ನು ಅಂದಾಜಿಸುತ್ತಿದ್ದರು. ಬಿಸಿಲಿನ ದಿನದ ಕೆಂಪು ಬೇರೆ, ಮೋಡದ ದಿನದ ಕೆಂಪು ಬೇರೆ. ಹೀಗೆ ಅತಿಯಾಗಿ ಕಾದ ಕೆಲವು ರಿಸೀವರ್‌ಗಳು ಗಾಜಿನಂತೆ ಪೆಡಸಾಗಿ, ಗುಂಡು ಹಾರಿಸುವಾಗ ಸಿಡಿದವು. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8,00,000ಕ್ಕಿಂತ ಕಡಿಮೆ ಕ್ರಮಸಂಖ್ಯೆಯ ರೈಫಲ್‌ಗಳನ್ನು ಬಲ್ಲವರು ಇಂದಿಗೂ ಹಾರಿಸುವುದಿಲ್ಲ. ನಳಿಗೆ ಎಷ್ಟೇ ಹೊಸದಾಗಿದ್ದರೂ ಅದನ್ನು ಹೊತ್ತ ಮೈ ಗಟ್ಟಿಯಿರಬೇಕು. ಹೃದಯ ತಪಾಸಣೆ ಮಾಡದೆ ಮಂಡಿಚಿಪ್ಪು ಬದಲಿಸುವ ಶಸ್ತ್ರಚಿಕಿತ್ಸೆಗೆ ಯಾವ ವೈದ್ಯರೂ ಒಪ್ಪುವುದಿಲ್ಲವಷ್ಟೆ.

ಹೋಬೋಕನ್ ನಿಲ್ದಾಣದಿಂದ ಪಾಥ್ ರೈಲು ಹಿಡಿದು ಎಕ್ಸ್‌ಚೇಂಜ್ ಪ್ಲೇಸಿನಲ್ಲಿ ಇಳಿದರೆ, ಸ್ವಲ್ಪ ನಡಿಗೆಯ ದೂರದಲ್ಲಿ ಜೆರ್ಸಿ ಸಿಟಿಯ ಮೋರಿಸ್ ಸ್ಟ್ರೀಟ್ ಇದೆ. ನಮ್ಮಲ್ಲಿ ಎಷ್ಟೋ ಜನ ಆ ಸುತ್ತಿನ ಗಾಜಿನ ಕಟ್ಟಡಗಳಿಗೆ ದಿನವೂ ಕೆಲಸಕ್ಕೆ ಹೋಗುತ್ತೇವೆ. ಇದೇ ಬೀದಿಯ 18ನೆಯ ನಂಬರಿನ ಕಟ್ಟಡದಲ್ಲಿ ಹ್ಯಾರಿ ಪೋಪ್ ಎಂಬುವರು ದಶಕಗಳ ಕಾಲ ನಳಿಗೆ ತಯಾರಿಸಿದರು. 1861ರಲ್ಲಿ ಹುಟ್ಟಿ, ಎಂ.ಐ.ಟಿ.ಯಲ್ಲಿ ಇಂಜಿನಿಯರಿಂಗ್ ಓದಿದ ಅವರು ಮೊದಲು ಹಾರ್ಟ್‌ಫರ್ಡಿನ ಬೈಸಿಕಲ್ ಕಾರ್ಖಾನೆಯಲ್ಲಿದ್ದರು. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ತೆರೆಯುತ್ತಿದ್ದಂತೆಯೇ ಭೂಕಂಪ ಎಲ್ಲವನ್ನೂ ನುಂಗಿತು. ಆನಂತರ ಜೆರ್ಸಿ ಸಿಟಿಗೆ ಬಂದು ನೆಲೆಸಿದರು. ಒಂದೊಂದೇ ಗೀರನ್ನು ಕೈಯಿಂದ ಕೊರೆಯುತ್ತಿದ್ದ ಅವರ ಕೆಲಸದ ನಿಧಾನ ಹೇಗೆ ಪ್ರಸಿದ್ಧವೋ, ಅವರ ನಳಿಗೆಯ ನಿಖರತೆಯೂ ಹಾಗೆಯೇ. 1950ರಲ್ಲಿ ಅವರು ತೀರಿಕೊಂಡರು.

ಪೋಪ್ ಹೆಸರುವಾಸಿಯಾದದ್ದು ಬೋಲ್ಟ್ ರೈಫಲ್‌ಗಿಂತ ಹೆಚ್ಚಾಗಿ ಗುರಿಸ್ಪರ್ಧೆಯ ಒಂಟಿ ತೋಟಾದ ರೈಫಲ್‌ಗಳಿಂದ. ಆದರೂ ನಮ್ಮ ಪ್ರಶ್ನೆಗೆ ಅವರ ಕಸುಬು ನೇರವಾಗಿ ಸಂಬಂಧಿಸಿದೆ. ಬೇರೆ ಕಂಪನಿಯ ಮೈಗೆ ತಮ್ಮ ನಳಿಗೆಯನ್ನು ಕೂರಿಸುವುದು ಅವರ ಮುಖ್ಯ ಕೆಲಸವಾಗಿತ್ತು. ಬಲ್ಲಾರ್ಡ್ ರೈಫಲ್‌ನ ಮೈಯಿದ್ದರೆ ಅದನ್ನು ಸಂಗ್ರಾಹಕರು ಬಲ್ಲಾರ್ಡ್–ಪೋಪ್ ಎಂದು ಕರೆಯುತ್ತಾರೆ. ಇಲ್ಲಿಯೂ ಎರಡು ಹೆಸರು: ಒಂದು ಉಳಿದದ್ದಕ್ಕೆ, ಒಂದು ಬದಲಾದದ್ದಕ್ಕೆ. ಯಾವುದನ್ನೂ ಮುಚ್ಚಿಡಲಿಲ್ಲ.

ಕೊಡಗಿನಲ್ಲಿ ಕೋವಿಯ ಕಥೆ ಇನ್ನೊಂದು ಬಗೆಯದು. 1857ರ ದಂಗೆಯ ನಂತರ ಬ್ರಿಟಿಷರು ಭಾರತೀಯರಿಂದ ಆಯುಧ ಕಿತ್ತುಕೊಳ್ಳುವ ಕಾನೂನು ತಂದಾಗ, ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ಅದರಿಂದ ವಿನಾಯಿತಿ ಘೋಷಿಸಿದರು. ಸ್ವತಂತ್ರ ಭಾರತದಲ್ಲಿಯೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಈ ವಿನಾಯಿತಿ ಮುಂದುವರಿದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಸೈನ್ಯದ .303 ತೋಟಾ ನಾಗರಿಕರ ಕೈಗೆ ಸಿಗಬಾರದೆಂದು ಬ್ರಿಟಿಷರು ನಿರ್ಬಂಧ ಹೇರಿದ್ದರಿಂದ, ಆಸ್ಟ್ರಿಯಾ–ಹಂಗೆರಿಯ 8 ಮಿಲಿಮೀಟರ್ ಮ್ಯಾನ್‌ಲಿಖರ್ ತೋಟಾವನ್ನೇ ಹೋಲುವ .315 ಭಾರತದ ಶಿಕಾರಿಗಳಲ್ಲಿ ಬಳಕೆಗೆ ಬಂತು. ಮುಂದೆ ಬಂಗಾಳದ ಈಶಾಪುರದ ರೈಫಲ್ ಕಾರ್ಖಾನೆಯೂ .315 ರೈಫಲ್ ತಯಾರಿಸಿತು. 1972ರ ವನ್ಯಜೀವಿ ಕಾನೂನು ಬಂದ ಮೇಲೆ ಶಿಕಾರಿಯ ಯುಗ ಮುಗಿಯಿತು. ಕೋವಿ ಉಳಿದದ್ದು ಮನೆಯ ಸಂಸ್ಕಾರದಲ್ಲಿ. ನಾಟಿಯ ಕೆಲಸ ಮುಗಿದ ಮೇಲೆ ಬರುವ ಕೈಲ್ ಪೊಳ್ದಿನಂದು ಕೋವಿಯನ್ನು ತೊಳೆದು, ಗಂಧವಿಟ್ಟು, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜಿಸುತ್ತಾರೆ. ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಯೂ ಇರುತ್ತದೆ. ಅಗ್ನಿಶಿಖೆ ಎಂದೂ ಕರೆಸಿಕೊಳ್ಳುವ ಆ ಹೂವಿನ ಗಿಡದಲ್ಲಿ ಕಾಲ್ಚಿಸಿನ್ ಇದೆ. ಗೌಟ್ ರೋಗಿಗಳಿಗೆ ನಾವು ಬರೆದುಕೊಡುವ ಔಷಧಿ ಅದೇ. ಮಾತ್ರೆ ಮೀರಿದರೆ ಪ್ರಾಣಾಂತಕ. ಮಕ್ಕಳ ಕೈಗೆ ಆ ಹೂ ಕೊಡುವಾಗ ಜೋಪಾನ.

ಇನ್ನು ಸೂಟ್‌ಕೇಸಿನ ಮಾತು. ಅಮೆರಿಕದ 1968ರ ಫೆಡರಲ್ ಕಾನೂನು ರಿಸೀವರನ್ನೇ ಬಂದೂಕು ಎಂದು ಎಣಿಸುತ್ತದೆ. ಕ್ರಮಸಂಖ್ಯೆ ಇರುವುದೂ ಅದರ ಮೇಲೆ. ನಳಿಗೆ ಕೇವಲ ಬಿಡಿಭಾಗ. ಹಾಗಾಗಿ ಇಲ್ಲಿ ಅದು ಸಲೀಸಾಗಿ ಸಿಗುತ್ತದೆ. ಆದರೆ ಗಡಿ ದಾಟುವಾಗ ಅದೇ ನಳಿಗೆ ರಫ್ತು ನಿಯಂತ್ರಣಕ್ಕೆ ಒಳಪಟ್ಟ ವಸ್ತುವಾಗುತ್ತದೆ. ಇನ್ನು ಭಾರತದ 1959ರ ಆಯುಧ ಕಾನೂನಿನಲ್ಲಿ 'ಆಯುಧ' ಎಂಬ ಪದವೇ ಅದರ ಬಿಡಿಭಾಗಗಳನ್ನೂ ಒಳಗೊಂಡಿದೆ. ಆಮದಿಗೆ ಪರವಾನಗಿ ಬೇಕು. ದುರಸ್ತಿಯ ವೃತ್ತಿಗೆ ಪರವಾನಗಿ ಬೇಕು. ಸವೆದ ಬಾಯಿಯನ್ನು ಕತ್ತರಿಸಿ ನಳಿಗೆಯನ್ನು ಗಿಡ್ಡ ಮಾಡುವುದಕ್ಕೂ ಪರವಾನಗಿ ಬೇಕು. ಕೊಡಗಿನ ವಿನಾಯಿತಿ ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ ಸಂಬಂಧಿಸಿದ್ದು. ವಿಮಾನ ನಿಲ್ದಾಣದ ಕಸ್ಟಮ್ಸ್ ಕಟ್ಟೆಯಲ್ಲಿ ಅದು ನೆರವಿಗೆ ಬಾರದು. ನೂರೈವತ್ತು ವರ್ಷ ಮೀರಿದ ಒಂದು ಗೌರವವನ್ನು ಸೂಟ್‌ಕೇಸಿನಲ್ಲಿಟ್ಟ ಒಂದು ಉಕ್ಕಿನ ಕೊಳವೆ ಕೆಡಿಸಬಾರದು.

ಇಷ್ಟನ್ನೂ ಆ ಹಿರಿಯರಿಗೆ ವಿವರಿಸಿ, ಊರಿನ ಪರವಾನಗಿ ಪಡೆದ ದುರಸ್ತಿಗಾರರಿಗೆ ಮೊದಲು ರಿಸೀವರನ್ನೂ ನಳಿಗೆಯನ್ನೂ ತೋರಿಸುವಂತೆ ತಮ್ಮನಿಗೆ ಹೇಳಿ ಎಂದೆವು. ಬಾಯಿಯ ಅಂಚಷ್ಟೇ ಸವೆದಿದ್ದರೆ ಅದನ್ನು ಸರಿಪಡಿಸಿದರೆ ಸಾಕಾಗಬಹುದು. ನಳಿಗೆಯನ್ನೇ ಬದಲಿಸಬೇಕಾದರೆ, ಹೊಸದನ್ನು ಕೂರಿಸಿದ ಮೇಲೆ ಬೋಲ್ಟಿನ ಮುಖಕ್ಕೂ ತೋಟಾ ಕೂರುವ ಜಾಗಕ್ಕೂ ನಡುವಿನ ಅಂತರವನ್ನು ಗೇಜಿನಿಂದ ಅಳೆಯಲೇಬೇಕು. ಅದು ಹೆಚ್ಚಾದರೆ ತೋಟಾ ಬಿರಿದು ಬಿಸಿ ಅನಿಲ ಮುಖಕ್ಕೇ ಬಡಿಯುತ್ತದೆ. ಕಳಚಿದ ಹಳೆಯ ನಳಿಗೆಯೂ ಕಾನೂನಿನ ದೃಷ್ಟಿಯಲ್ಲಿ ಗುಜರಿಯಲ್ಲ. ಅದನ್ನು ಏನು ಮಾಡಬೇಕೆಂದು ಅಧಿಕಾರಿಗಳನ್ನೇ ಕೇಳಬೇಕು. ಗುಂಡು ಹಾರಿಸುವ ಆಸೆಯಿಲ್ಲದಿದ್ದರೆ ಏನನ್ನೂ ಬದಲಿಸಬೇಕಿಲ್ಲ. ತೋಕ್ ಪೂ ಸಿಕ್ಕಿಸಲು ಸವೆದ ನಳಿಗೆಯೇ ಸಾಕು.

"ಹಾಗಾದರೆ ಅದು ಅಜ್ಜನ ಕೋವಿಯೇ ತಾನೆ?" ಎಂದು ಅವರು ಮತ್ತೆ ಕೇಳಿದರು. ನಾವು ಲೀ ಅವರ ಹೆಸರಿನ ಕಥೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜ ತೀರಿಕೊಂಡ ಮೇಲೆ ಅದರ ಮರದ ಹಿಡಿಯನ್ನು ಅಪ್ಪ ಬದಲಾಯಿಸಿದ್ದರು. ಆಗ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ" ಎಂದು ನಕ್ಕರು. ಈ ಸಲ ಅವರು ಬರಿಗೈಯಲ್ಲಿ ಊರಿಗೆ ಹೋಗುತ್ತಾರೆ, ಮೊಮ್ಮಕ್ಕಳನ್ನು ಜೊತೆಯಲ್ಲಿ ಕರೆದುಕೊಂಡು.

ನಮ್ಮ ಸದಸ್ಯರ ಊರಿನ ಮನೆಗಳಲ್ಲಿ ಹೀಗೆಯೇ ಭಾಗ ಬದಲಾಯಿಸಿಕೊಂಡು ಬಾಳುತ್ತಿರುವ ಹಳೆಯ ವಸ್ತುಗಳಿದ್ದರೆ, ಅವುಗಳ ಕಥೆಯನ್ನು ಬರೆದು ಕಳುಹಿಸಬೇಕೆಂದು ವಿನಂತಿ.