ಕಾಲುವೆ ತೋಡಿದ ಮೇಲಿನ ಪಾಠ

ಶಹಾಪುರದಿಂದ ಯಾದಗಿರಿಗೆ ಹೋಗುವ ದಾರಿಯಲ್ಲಿ ದೋರನಹಳ್ಳಿ ಇದೆ. ಈ ಸೀಮೆಯ ಹಿರಿಯರಿಗೆ ಕರಗತವಾಗಿದ್ದದ್ದು ಮಳೆಯಾಶ್ರಿತ ಬೇಸಾಯ. ಜೋಳ, ಸಜ್ಜೆ, ತೊಗರಿ ಬಿತ್ತಿ ಮುಗಿಲು ನೋಡುವುದು ಅವರಿಗೆ ತಲೆಮಾರುಗಳಿಂದ ಬಂದ ವಿದ್ಯೆ. ಕಾಲುವೆ ನೀರನ್ನು ಹಂಚಿಕೊಂಡು ಬೆಳೆ ತೆಗೆಯುವುದನ್ನು ಮಾತ್ರ ಎಲ್ಲರೂ ಹೊಸದಾಗಿ ಕಲಿಯಬೇಕಾಯಿತು. ರೈತರಷ್ಟೇ ಅಲ್ಲ, ನೀರು ಕೊಡುವ ಇಲಾಖೆಯೂ ಕಲಿಯಬೇಕಾಯಿತು.

ಕೃಷ್ಣಾ ಮೇಲ್ದಂಡೆ ಯೋಜನೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರ ಮೇ 22ರಂದು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಸಿದ್ಧವಾಯಿತು. ಎಡದಂಡೆ ಕಾಲುವೆಯಿಂದ ಕವಲೊಡೆದ ಶಹಾಪುರ ಶಾಖಾ ಕಾಲುವೆ ಈ ತಾಲ್ಲೂಕಿಗೆ ಕೃಷ್ಣೆಯನ್ನು ತಂದಿತು.

ಅಣೆಕಟ್ಟು ಕಟ್ಟುವುದು ಎಂಜಿನಿಯರುಗಳಿಗೆ ಗೊತ್ತಿತ್ತು. ಆದರೆ ತೂಬಿನಿಂದ ಹೊರಟ ನೀರು ಹೊಲಕ್ಕೆ ಮುಟ್ಟಬೇಕಾದರೆ ನೆಲ ಸಮತಟ್ಟಾಗಬೇಕು, ಹೊಲಗಾಲುವೆ ಬೇಕು, ಬಸಿಗಾಲುವೆ ಬೇಕು, ಬೆಳೆಯ ತಿಳಿವಳಿಕೆ ಬೇಕು. ಇದು ಒಂದೇ ಇಲಾಖೆಯ ಕೈಲಾಗುವ ಕೆಲಸವಲ್ಲ. ಲೋಕೋಪಯೋಗಿ, ಕೃಷಿ, ಸಹಕಾರ ಇಲಾಖೆಗಳವರನ್ನು ಒಂದೇ ಸೂರಿನಡಿ ತರುವ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ, ಅಂದರೆ ಜನರ ಬಾಯಲ್ಲಿನ 'ಕಾಡಾ', ಹುಟ್ಟಿದ್ದು ಈ ಅರಿವಿನಿಂದ. ಇದಕ್ಕೆ 1980ರ ಕಾಯ್ದೆಯ ಬಲವೂ ದೊರೆಯಿತು. ಈ ಭಾಗದ ಕಾಡಾ ಕಚೇರಿ ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲಿ ನೆಲೆಗೊಂಡಿತು.

ಮುಂದಿನ ಪಾಠ ಇನ್ನೂ ಕಠಿಣವಾಗಿತ್ತು. ಅಚ್ಚುಕಟ್ಟಿನ ಬಹುಭಾಗವನ್ನು ಕಡಿಮೆ ನೀರಿನ ಬೆಳೆಗೆಂದು ಯೋಜಿಸಲಾಗಿತ್ತು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಒಂದೆಡೆ ನೆಲ ಜೌಗಾದರೆ, ಇನ್ನೊಂದೆಡೆ ಕೊನೆಯಂಚಿನ ರೈತ ಒಣಗುವ ಬೆಳೆಯ ಮುಂದೆ ನಿಂತ. ಕಾಗದದ ಮೇಲಿನ ಬೆಳೆ ಪದ್ಧತಿ ಹೊಲದಲ್ಲಿ ನಡೆಯಲಿಲ್ಲ.

ತಪ್ಪಿನಿಂದ ಕೆಲವು ರೂಢಿಗಳು ಹುಟ್ಟಿದವು. ಇಷ್ಟು ದಿನ ನೀರು, ಇಷ್ಟು ದಿನ ಬಂದ್ ಎನ್ನುವ 'ಚಾಲು-ಬಂದ್' ಪದ್ಧತಿ ಬಂತು. ಅದನ್ನು ನಿರ್ಧರಿಸಲು ನೀರಾವರಿ ಸಲಹಾ ಸಮಿತಿ ಸೇರತೊಡಗಿತು. 1994ರಲ್ಲಿ ಯೋಜನೆಯ ಹೊಣೆ ಕೃಷ್ಣಾ ಭಾಗ್ಯ ಜಲ ನಿಗಮದ್ದಾಯಿತು. 2000ದಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿಯಾಗಿ, ರೈತರ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಹಂಚಿಕೆಯಲ್ಲಿ ಪಾಲು ಸಿಕ್ಕಿತು.

ನವೀಕರಿಸಿದ ಎಡದಂಡೆ ಕಾಲುವೆಯನ್ನು ಪ್ರಧಾನಿ ನರೇಂದ್ರ ಮೋದಿ 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಉದ್ಘಾಟಿಸಿದರು. ಈಗ ಗೇಟುಗಳನ್ನು ದೂರದಿಂದಲೇ ನಿಯಂತ್ರಿಸುವ ವ್ಯವಸ್ಥೆ ಬಂದಿದೆ. ಯಂತ್ರ ನೀರನ್ನು ಅಳೆದೀತು. ಯಾರಿಗೆ ಎಷ್ಟು ಎಂಬುದನ್ನು ಒಪ್ಪಿಕೊಂಡು ನಡೆಯಬೇಕಾದವರು ಜನರೇ. ಅಧಿಕಾರಿಗಳು ವರ್ಗವಾಗುತ್ತಾರೆ, ಸಂಘದ ಪದಾಧಿಕಾರಿಗಳು ಬದಲಾಗುತ್ತಾರೆ. ಕಲಿತದ್ದು ಮುಂದಿನವರಿಗೆ ದಾಟದಿದ್ದರೆ ಹಳೆಯ ತಪ್ಪೇ ಮರುಕಳಿಸುತ್ತದೆ. ಕಾಲುವೆಯ ಮೇಲ್ಭಾಗದಲ್ಲಿ ಅದು ಯಾರ ಕಣ್ಣಿಗೂ ಬೀಳಲಿಕ್ಕಿಲ್ಲ. ಕೊನೆಯಂಚಿನ ಹೊಲದಲ್ಲಿ ಮೊದಲು ಗೊತ್ತಾಗುತ್ತದೆ.