ಬೆಕ್ಕು ಅಡ್ಡ ಬಂತು, ಸ್ವಾಮಿ!

ಭದ್ರಾವತಿಯಲ್ಲಿ ನಮ್ಮಜ್ಜನ ಮನೆ. ಅಜ್ಜ ಕಬ್ಬಿಣದ ಕಾರ್ಖಾನೆಯವರು. ವಿಶ್ವೇಶ್ವರಯ್ಯನವರು ನಿಂತು ಬೆಳೆಸಿದ, 1923ರಲ್ಲಿ ಶುರುವಾದ ಕಾರ್ಖಾನೆ ಅದು. ಕುಲುಮೆಯ ಲೆಕ್ಕವೆಲ್ಲ ಅಜ್ಜನಿಗೆ ಬಾಯಿಪಾಠ. ಆದ್ರೆ ಶಿಫ್ಟಿಗೆ ಹೊರಟಾಗ ಬೆಕ್ಕು ಅಡ್ಡ ಬಂತೋ, ಸೈಕಲ್ಲಿಂದ ಇಳಿದು ವಾಪಸ್ ಬಂದು, ಒಂದು ಲೋಟ ನೀರು ಕುಡಿದೇ ಮತ್ತೆ ಹೊರಡೋದು. ಕರಗಿದ ಕಬ್ಬಿಣಕ್ಕೆ ಹೆದರದ ಮನುಷ್ಯ ಮೂರು ಕಿಲೋ ತೂಕದ ಪ್ರಾಣಿಗೆ ಹೆದರ್ತಿದ್ದರು.

ಹಗಲೆಲ್ಲ ಒಲೆ ಪಕ್ಕ ಸುರುಳಿ ಸುತ್ತಿ ಮಲಗುವ ಈ ಬೆಕ್ಕು ರಾತ್ರಿ ಎಲ್ಲಿಗೆ ಹೋಗುತ್ತೆ? ಯಾರನ್ನ ನೋಡಿ ಬರುತ್ತೆ? ಕತ್ತಲಲ್ಲಿ ಅದರ ಕಣ್ಣು ಯಾಕೆ ಉರಿಯುತ್ತೆ? ಈ ಪ್ರಶ್ನೆಗಳಿಗೆ ಮನುಷ್ಯ ಕೊಟ್ಟುಕೊಂಡ ಉತ್ತರ ಒಂದೇ: ಇದಕ್ಕೆ ಮಾಟ ಗೊತ್ತು. ಇಂಜಿನಿಯರಿಂಗ್ ಓದಿದವನಾಗಿ ಕಣ್ಣಿನ ಉತ್ತರ ಬೇಗ ಮುಗಿಸ್ತೀನಿ. ಅಕ್ಷಿಪಟಲದ ಹಿಂದೆ ಬೆಳಕನ್ನ ವಾಪಸ್ ಎಸೆಯುವ ಒಂದು ಪದರ ಇದೆ. ಅಜ್ಜನ ಸೈಕಲ್ ಹಿಂದಿನ ರಿಫ್ಲೆಕ್ಟರ್ ಇತ್ತಲ್ಲ, ಹೆಚ್ಚುಕಮ್ಮಿ ಅದೇ ಕೆಲಸ.

ಮಾಟದ ಆರೋಪವನ್ನ ದಾಖಲೆಗೆ ಹತ್ತಿಸಿದ್ದು ಯುರೋಪು. 1233ರಲ್ಲಿ ಪೋಪ್ ಒಂಬತ್ತನೇ ಗ್ರೆಗರಿ ಜರ್ಮನಿಗೆ ಒಂದು ಪತ್ರ ಬರೆದರು. ಅಲ್ಲಿನ ಧರ್ಮದ್ರೋಹಿಗಳ ಗುಪ್ತ ಸಭೆಯಲ್ಲಿ ಕರಿಬೆಕ್ಕಿನ ವಿಗ್ರಹಕ್ಕೆ ಜೀವ ಬರುತ್ತೆ, ಅದು ಬಾಲ ಎತ್ತಿಕೊಂಡು ಹಿಂದುಹಿಂದಕ್ಕೆ ಇಳಿದು ಬರುತ್ತೆ, ಸೇರಿದವರು ಅದರ ಹಿಂಭಾಗಕ್ಕೆ ಮುತ್ತಿಡ್ತಾರೆ ಅಂತ ಅದರಲ್ಲಿದೆ. ನಗಬೇಡಿ, ಚಿತ್ರಹಿಂಸೆ ಕೊಟ್ಟು ಬರೆಸಿಕೊಂಡ ಹೇಳಿಕೆಗಳ ಕಾಲ ಅದು. ವಾಟ್ಸಾಪಿನಲ್ಲಿ ಒಂದು ಕಥೆ ಓಡಾಡುತ್ತೆ: ಈ ಪತ್ರ ಬಂದ ಮೇಲೆ ಬೆಕ್ಕುಗಳನ್ನ ಕೊಂದರು, ಇಲಿ ಹೆಚ್ಚಿ ಪ್ಲೇಗ್ ಬಂತು ಅಂತ. ನಾನೂ ಒಮ್ಮೆ ಇದನ್ನ ಸ್ಟುಡಿಯೋದಲ್ಲಿ ಕೂತು ಹೇಳಿಬಿಟ್ಟಿದ್ದೆ. ತಪ್ಪು. ಬೆಕ್ಕು ಕೊಲ್ಲಿ ಅನ್ನೋ ಆಜ್ಞೆ ಆ ಪತ್ರದಲ್ಲಿಲ್ಲ, ಪ್ಲೇಗ್ ಬಂದಿದ್ದು ನೂರು ವರ್ಷದ ಮೇಲೆ.

ನಿಜವಾಗಿ ಜೀವ ಹೋದದ್ದು ಮನುಷ್ಯರದ್ದು. ಇಂಗ್ಲೆಂಡಿನ ಎಸೆಕ್ಸ್ ಸೀಮೆಯ ಆಗ್ನೆಸ್ ವಾಟರ್‌ಹೌಸ್, ಅರವತ್ತು ದಾಟಿದ ಬಡ ವಿಧವೆ. ಆಕೆಯ ಬೆಕ್ಕಿನ ಹೆಸರು ಸೇಟನ್, ಅಂದ್ರೆ ಸೈತಾನ. ಬೆಕ್ಕಿಗೆ ತನ್ನ ರಕ್ತದ ಹನಿ ಕೊಟ್ಟು ನೆರೆಹೊರೆಯವರ ಹಸು, ಹೆಬ್ಬಾತು ಸಾಯಿಸಿದಳು ಅನ್ನೋದು ಆರೋಪ. ಆ ಬೆಕ್ಕನ್ನ ಆಕೆಗೆ ಕೊಟ್ಟವಳು ಪಕ್ಕದ ಮನೆ ಹೆಂಗಸು. ಸಾಕ್ಷಿ ಹೇಳಿದ್ದು ಹನ್ನೆರಡು ವರ್ಷದ ಹುಡುಗಿ. 1566ರ ಜುಲೈನಲ್ಲಿ ಆಗ್ನೆಸ್‌ಳನ್ನ ಗಲ್ಲಿಗೇರಿಸಿದರು.

ನಮ್ಮಲ್ಲಿ ಬೆಕ್ಕಿನ ಮೇಲಿನ ಹಳೇ ಆರೋಪ ಮಾಟದ್ದಲ್ಲ, ಡೋಂಗಿತನದ್ದು. ಮಹಾಭಾರತದ ಉದ್ಯೋಗಪರ್ವದಲ್ಲಿ ಗಂಗಾತೀರದಲ್ಲಿ ತಪಸ್ಸಿಗೆ ನಿಂತು, ನಂಬಿ ಬಂದ ಇಲಿಗಳನ್ನೇ ತಿನ್ನುವ ಬೆಕ್ಕಿನ ಕಥೆ ಬರುತ್ತೆ. ಮಹಾಬಲಿಪುರದ ಏಳನೇ ಶತಮಾನದ ಬಂಡೆಯಲ್ಲಿ ಅದು ಕೈ ಮೇಲೆತ್ತಿ ನಿಂತಿರೋದನ್ನ ಇವತ್ತಿಗೂ ನೋಡಬಹುದು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಬೆಕ್ಕಳಲೆಗೆ ಹೋದ್ರೆ ಕಥೆ ಪೂರ್ತಿ ಉಲ್ಟಾ. ಅಲ್ಲಿ ಬೆಕ್ಕು ಅಂದ್ರೆ ಮಂಗಮ್ಮ ದೇವಿಯ ರೂಪ, ಅದಕ್ಕೆ ಗುಡಿ, ಪೂಜೆ. ಸತ್ತರೆ ಮಣ್ಣು ಮಾಡ್ತಾರೆ. ದೂರ ಯಾಕೆ? ನಮ್ಮ ಶಿವಮೊಗ್ಗದಲ್ಲೇ ಬೆಕ್ಕಿನ ಕಲ್ಮಠ ಇದೆ. ಜನ ಆಟೋ ಹತ್ತಿ 'ಬೆಕ್ಕಿನ ಕಲ್ಮಠ' ಅಂತಾರೆ, ಹೆಸರು ಕೇಳಿ ಅಪಶಕುನ ಅಂತ ಯಾವ ಡ್ರೈವರೂ ಗಾಡಿ ತಿರುಗಿಸಲ್ಲ. ಅದೇ ಡ್ರೈವರ್ ಬಿ.ಎಚ್. ರೋಡಿನಲ್ಲಿ ನಿಜವಾದ ಬೆಕ್ಕು ದಾಟಿದ್ರೆ ಬ್ರೇಕ್ ಹಾಕ್ತಾನೆ!

ಇದರಲ್ಲಿ ಲೆಕ್ಕದ ದೋಷ ಇದೆ ಅಂತ ಕಾಲೇಜಿನಲ್ಲಿದ್ದಾಗ ಅಜ್ಜನಿಗೆ ಹೇಳಿದ್ದೆ. ಬೆಕ್ಕು ಅಡ್ಡ ಬಂದೂ ಏನೂ ಆಗದ ದಿನಗಳನ್ನ ಯಾರೂ ಬರೆದಿಡಲ್ಲ, ಕೆಟ್ಟದ್ದಾದ ಒಂದು ದಿನ ಮಾತ್ರ ನೆನಪಿರುತ್ತೆ ಅಂತ. ಅಜ್ಜ ನಕ್ಕರು. 'ನೀರು ಕುಡಿದ್ರೆ ನಿನಗೇನು ನಷ್ಟ?' ಅಂದ್ರು.

ನಷ್ಟ ನನಗಲ್ಲ. ಅಜ್ಜನ ಬೀದಿಯ ಕೊನೇ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು, ಒಂಟಿ ವಿಧವೆ. ನಾಲ್ಕೈದು ಬೆಕ್ಕು ಸಾಕಿಕೊಂಡಿದ್ದರು. ನಮ್ಮ ಶಕುನಶಾಸ್ತ್ರದಲ್ಲಿ ಎರಡೂ ಒಂದೇ ಪಟ್ಟಿಯಲ್ಲಿವೆ ನೋಡಿ: ಬೆಕ್ಕು ಅಡ್ಡ ಬರಬಾರದು, ವಿಧವೆ ಎದುರು ಬರಬಾರದು. 'ಆ ಮುದುಕಿಗೆ ಏನೋ ಗೊತ್ತು' ಅಂತ ದೊಡ್ಡವರು ಪಿಸುಗುಡ್ತಿದ್ದರು, ಮಕ್ಕಳಾದ ನಾವು ಓಡ್ತಿದ್ದೆವು. ವಾಮಾಚಾರ ತಡೆಗೆ ನಮ್ಮ ರಾಜ್ಯದಲ್ಲಿ ಕಾಯ್ದೆ ಬಂದಿದೆ. 2017ರಲ್ಲಿ ವಿಧಾನಮಂಡಲದ ಒಪ್ಪಿಗೆ, 2020ರ ಜನವರಿಯಿಂದ ಜಾರಿ. ಒಳ್ಳೇ ಕಾಯ್ದೆ. ಆದ್ರೆ ಎದುರಿಗೆ ಬಂದ ಹೆಂಗಸನ್ನ ನೋಡಿ ಮುಖ ತಿರುಗಿಸೋದಕ್ಕೆ ಯಾವ ಸೆಕ್ಷನ್ ಹಾಕ್ತೀರಿ?

ಕಾರ್ಖಾನೆ ಸೈರನ್ ಕೂಗುವ ಹೊತ್ತಿಗೆ ಆ ಅಜ್ಜಿ ಬಾಗಿಲು ಹಾಕಿಕೊಳ್ತಿದ್ದರು. ಶಿಫ್ಟಿನವರೆಲ್ಲ ದಾಟಿದ ಮೇಲೇ ಹೊರಗೆ ಬಂದು ನೀರು ಹಿಡಿಯೋರು. ಅವರ ಬೆಕ್ಕುಗಳಿಗೆ ಮಾತ್ರ ಟೈಮ್ ಗೊತ್ತಾಗ್ತಿರಲಿಲ್ಲ. ಕಿಟಕಿಯಿಂದ ಹಾರಿ ರಸ್ತೆಗೆ ಬಂದುಬಿಡೋವು, ಒಳಗಿಂದ ಅಜ್ಜಿ ಸಣ್ಣ ದನಿಯಲ್ಲಿ ಅವನ್ನ ಕರೀತಾ ಇರೋರು.