ಬೆಲ್ಟಿನ ತೂತುಗಳ ಚರಿತ್ರೆ

ಎಚ್‌ಎಂಟಿ ಕೈಗಡಿಯಾರದ ಕತೆ ಹೇಳುವವರು 1961ರಿಂದ ಶುರು ಮಾಡುತ್ತಾರೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ಎದ್ದಿತು, ಮೊದಲ ವಾಚುಗಳನ್ನು ನೆಹರೂ ಬಿಡುಗಡೆ ಮಾಡಿದರು, 1978ರಲ್ಲಿ ತುಮಕೂರಿಗೂ ಕಾರ್ಖಾನೆ ಬಂತು, 2016ರಲ್ಲಿ ವಾಚಿನ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಇದು ಕಾರ್ಖಾನೆಯ ಚರಿತ್ರೆ. ಆದರೆ ಕಾರ್ಖಾನೆಯಿಂದ ಹೊರಬಿದ್ದ ವಾಚು ಇನ್ನೂ ಯಾರದೂ ಅಲ್ಲ. ಬೆಲ್ಟು ಒಬ್ಬರ ಮಣಿಕಟ್ಟಿಗೆ ಸರಿಹೊಂದಿದ ಮೇಲೆಯೇ ಅದು ಅವರದಾಗುವುದು. ಹೊರನಾಡು, ಕಳಸದ ಕಾಫಿ ಸೀಮೆಯವಳಾದ ನನಗೆ ಈ ಎರಡನೆಯ ಚರಿತ್ರೆಯ ಮೇಲೇ ಹೆಚ್ಚು ಆಸೆ.

ಗಡಿಯಾರಕ್ಕೆ ಹೋಲಿಸಿದರೆ ಬೆಲ್ಟು ತೀರಾ ಈಚಿನದು. ನೇಪಲ್ಸ್‌ನ ರಾಣಿಗಾಗಿ ಬ್ರೆಗೆ ಎಂಬ ಗಡಿಯಾರಗಾರ 1812ರಲ್ಲಿ ಮುಗಿಸಿಕೊಟ್ಟ ಕೈಗಡಿಯಾರದ ಪಟ್ಟಿಯನ್ನು ಕೂದಲು ಮತ್ತು ಚಿನ್ನದ ಎಳೆ ಸೇರಿಸಿ ಹೆಣೆದಿದ್ದರಂತೆ. ಅದು ಒಡವೆ. ಮುಂದೆ ಸುಮಾರು ನೂರು ವರ್ಷ ಗಂಡಸರ ಗಡಿಯಾರ ಸರಪಳಿ ಕಟ್ಟಿಸಿಕೊಂಡು ಜೇಬಿನಲ್ಲೇ ಇತ್ತು. ಮಣಿಕಟ್ಟಿಗೆ ಕಟ್ಟುವುದು ಹೆಂಗಸರ ಷೋಕಿ ಎಂದು ನಗುವವರೂ ಇದ್ದರು. ನಗು ನಿಂತದ್ದು ಮೊದಲ ಮಹಾಯುದ್ಧದಲ್ಲಿ. ಕಂದಕದಲ್ಲಿ ಬಂದೂಕು ಹಿಡಿದವನು ಜೇಬಿಗೆ ಕೈ ಹಾಕುತ್ತಾ ಕೂರಲಾದೀತೇ? ಜೇಬುಗಡಿಯಾರದಂಥ ಡಬ್ಬಿಗೇ ಎರಡೂ ಬದಿ ತಂತಿಯ ಕುಣಿಕೆ ಬೆಸೆದು, ಚರ್ಮದ ಪಟ್ಟಿ ತೂರಿಸಿ ಕೈಗೆ ಕಟ್ಟಿಕೊಂಡರು.

ನಮ್ಮ ಕಡೆ ಕಂದಕವಿಲ್ಲ, ಮಳೆಯಿದೆ. ಜೂನ್ ಹಿಡಿದರೆ ಸೆಪ್ಟೆಂಬರಿನವರೆಗೆ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಬರುವ ಊರಿನಲ್ಲಿ ಚರ್ಮದ ಬೆಲ್ಟು ಎಷ್ಟು ದಿನ ಬಾಳೀತು? ಎರಡು ಮಳೆಗಾಲ ಕಂಡರೆ ಹೆಚ್ಚು. ಹಾಗಾಗಿ ಹಲವರು ಸ್ಟೀಲ್ ಚೈನಿಗೆ ಬದಲಾದರು. ಚೈನನ್ನು ಸರಿಮಾಡಲು ಕೊಂಡಿ ಕಳಚಬೇಕು. ಕೊಂಡಿಯ ಒಳಮೈಯಲ್ಲಿ ಬಾಣದ ಗುರುತಿದ್ದರೆ ಪಿನ್ನನ್ನು ಆ ದಿಕ್ಕಿಗೇ ತಳ್ಳಬೇಕು. ತೆಗೆಯುವ ಕೊಂಡಿಗಳನ್ನು ಎರಡೂ ಬದಿಯಿಂದ ಆದಷ್ಟು ಸಮನಾಗಿ ತೆಗೆಯಬೇಕು, ಇಲ್ಲವಾದರೆ ಕೊಕ್ಕೆ ಮಣಿಕಟ್ಟಿನ ಕೆಳಗೆ ನಡುವಿಗೆ ಕೂರದೆ ಮೂಳೆಗೆ ಒತ್ತುತ್ತದೆ. ಇದು ರಿಪೇರಿಯವರ ಕೆಲಸ. ಬೆಲ್ಟಾದರೆ ಮನೆಯಲ್ಲೇ ಆಗುತ್ತಿತ್ತು, ಕಾಫಿ ಮೂಟೆ ಹೊಲಿಯುವ ದಬ್ಬಣದಿಂದ. ರೆಕ್ಸಿನ್ನಿಗಾದರೆ ದಬ್ಬಣದ ಮೊನೆಯನ್ನು ಕೆಂಡಕ್ಕೆ ಹಿಡಿದು ಚುಚ್ಚಬಹುದು, ತೂತಿನ ಅಂಚು ಕರಗಿ ಗಟ್ಟಿಯಾಗುತ್ತದೆ. ಚರ್ಮ ಸುಟ್ಟರೆ ಬಿರಿಯುತ್ತದೆ, ಅದಕ್ಕೆ ತಣ್ಣನೆಯ ದಬ್ಬಣವೇ ಸೈ.

ಎಷ್ಟು ಬಿಗಿ ಇರಬೇಕು? ಬೆಲ್ಟಿನಡಿ ಕಿರುಬೆರಳು ತೂರಬೇಕು, ಆದರೆ ಕೈ ಕೊಡವಿದರೆ ವಾಚು ಜಾರಬಾರದು. ಇದು ಅಪ್ಪನ ಲೆಕ್ಕ. ಅವರು ಎಸ್ಟೇಟಿನಲ್ಲಿ ರೈಟ್ರು. ಆಳುಗಳ ಹಾಜರಿ, ಕೆಲಸ ಬಿಡುವ ಹೊತ್ತು, ಎಲ್ಲವೂ ಅವರ ಕೈಯ ಎಚ್‌ಎಂಟಿ ಜನತಾ ಹೇಳಿದಂತೆ. ಆ ಹೆಸರಿನ ವಾಚು ಆ ತೋಟದಲ್ಲಿ ಜನತೆಯ ಕೈಯಲ್ಲಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಬುಟ್ಟಿ ಹೊತ್ತವರು ಹೊತ್ತು ಕೇಳಬೇಕಾದರೆ ರೈಟ್ರ ಮಣಿಕಟ್ಟನ್ನೇ ನೋಡಬೇಕಿತ್ತು. ಗಿಡದ ರೆಂಬೆ ಗೀರದಿರಲೆಂದು ಅಪ್ಪ ಅದನ್ನು ಒಳಮಗ್ಗುಲಿಗೆ ಕಟ್ಟುತ್ತಿದ್ದರು. ಹಾಗಾಗಿ ಕೇಳಿದವರಿಗೆ ಕಾಣುತ್ತಿದ್ದುದು ಬೆಲ್ಟಿನ ಬಕ್ಕಲು ಮಾತ್ರ.

ಬೆಲ್ಟುಗಳು ಎಷ್ಟೋ ಬದಲಾದವು, ನನ್ನ ಬಳಿ ಉಳಿದಿರುವುದು ಕೊನೆಯದು. ಕಂದು ಚರ್ಮ, ಕಾರ್ಖಾನೆಯ ಏಳು ತೂತು. ಮೂರನೆಯದರಲ್ಲೂ ನಾಲ್ಕನೆಯದರಲ್ಲೂ ಬಕ್ಕಲು ಕಚ್ಚಿದ ಆಳದ ಮಡಿಕೆಯಿದೆ. ಬೇಸಿಗೆಯ ಸೆಕೆಗೆ ಮಣಿಕಟ್ಟು ಕೊಂಚ ಊದುತ್ತದೆ, ಕೊಯ್ಲಿನ ಕಾಲದ ಚಳಿಗೆ ಇಳಿಯುತ್ತದೆ. ಮೂರನೆಯದು ಏಪ್ರಿಲ್, ನಾಲ್ಕನೆಯದು ಜನವರಿ. ಐದು, ಆರು, ಏಳು ಯಾರೂ ಮುಟ್ಟದ ಹೊಸ ತೂತುಗಳು.

ಅವುಗಳ ಆಚೆ, ವಾಚಿಗೆ ಹತ್ತಿರ, ಎಂಟನೆಯದೊಂದಿದೆ. ಅದು ನಡುವಿನ ಗೆರೆಯ ಮೇಲಿಲ್ಲ, ಸ್ವಲ್ಪ ಓರೆ. ಅಪ್ಪ ತೀರಿದ ಮೇಲೆ ಅಂಗನವಾಡಿಗೆ ಹೋಗಲು ಅಮ್ಮನಿಗೆ ವಾಚು ಬೇಕಾಯಿತು. ಏಳನೆಯ ತೂತಿಗೆ ಸಿಕ್ಕಿಸಿದರೂ ಅದು ಬಳೆಗಳ ಮೇಲೆ ಬಂದು ಬೀಳುತ್ತಿತ್ತು. ಕಳಸದ ವಾಚ್ ರಿಪೇರಿಯವರು, "ಅಮ್ಮಾ, ಇದು ಗಂಡಸರ ಬೆಲ್ಟು, ಚಿಕ್ಕದು ಹಾಕಿಕೊಡ್ತೇನೆ" ಎಂದರಂತೆ. ಅಮ್ಮ ಒಪ್ಪಲಿಲ್ಲ. ಮನೆಗೆ ಬಂದು ಬೆಲ್ಟನ್ನು ಮಣೆಯ ಮೇಲಿಟ್ಟು, ದಬ್ಬಣ ಹಿಡಿದು ತಾನೇ ಚುಚ್ಚಿಕೊಂಡಳು. ಮಿಕ್ಕ ತುದಿ ಉದ್ದವಾಗಿ ಹೊರಗೆ ಚಾಚುತ್ತಿದ್ದುದರಿಂದ ಅದನ್ನು ಬಳೆಯ ಅಡಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ವಾಚಿನ ಮುಖವನ್ನು ಮಾತ್ರ ಹೊರಕ್ಕೆ ತಿರುಗಿಸಿ ಕಟ್ಟಿದಳು. ಅಂಗನವಾಡಿಯ ದಾರಿಯಲ್ಲಿ ಸಿಕ್ಕ ತೋಟದ ಹೆಂಗಸರು ಹೊತ್ತು ಕೇಳಿದರೆ ಕೈ ಚಾಚಿ, "ನೀವೇ ನೋಡ್ಕಳಿ" ಅನ್ನುತ್ತಿದ್ದಳು.